ನೀರು ಕವಲೊಡೆಯುವ ದಾರಿಯಲ್ಲಿ ಒಂದು ಹಗಲು

ಪ್ರವಾಸವೆಂದರೆ ಮೂರು ದಿನದ ರಜೆ, ಮುಂಗಡ ಕಾಯ್ದಿರಿಸಿದ ಕೋಣೆ, ಹತ್ತಾರು ‘ವ್ಯೂ ಪಾಯಿಂಟು’ಗಳ ಪಟ್ಟಿ ಎಂಬ ಲೆಕ್ಕಾಚಾರ ಈಚೆಗೆ ನಮ್ಮಲ್ಲಿ ಗಟ್ಟಿಯಾಗಿ ಬೇರೂರಿದೆ. ಶುಕ್ರವಾರ ರಾತ್ರಿ ಬೆಂಗಳೂರು ಬಿಟ್ಟವರು ಶನಿವಾರ ನಸುಕಿನಲ್ಲಿ ಯಾವುದೋ ಗಿರಿಯ ಬುಡದಲ್ಲಿ ವಾಹನಗಳ ಸಾಲಿನಲ್ಲಿ ನಿಂತಿರುತ್ತಾರೆ. ಮಧ್ಯಾಹ್ನ ಒಂದು ಜಲಪಾತ, ಸಂಜೆ ಸೂರ್ಯಾಸ್ತ, ಮರುದಿನ ದೇವಸ್ಥಾನ. ಆಯಾಸ ಕಳೆಯಲೆಂದು ಹೋದವರು ಇನ್ನಷ್ಟು ಆಯಾಸ ಹೊತ್ತು ಸೋಮವಾರ ಕೆಲಸಕ್ಕೆ ಹಾಜರಾಗುತ್ತಾರೆ. ನನ್ನ ಸಲಹೆ ಬೇರೆ. ಘಟ್ಟಕ್ಕೆ ಒಂದು ಹಗಲು ಸಾಕು. ಆದರೆ ಆ ಹಗಲು ಪೂರ್ತಿ ಘಟ್ಟಕ್ಕೇ ಮೀಸಲಾಗಿರಬೇಕು. ಒಂದು ಘಾಟಿಯಲ್ಲಿ ಹತ್ತಿ, ಮಲೆನಾಡಿನೊಳಗೆ ನಿಧಾನವಾಗಿ ಸಾಗಿ, ಇನ್ನೊಂದು ಘಾಟಿಯಲ್ಲಿ ಇಳಿಯಬೇಕು. ನಾಲ್ಕೈದು ಕಡೆ ಮಾತ್ರ ನಿಲ್ಲಬೇಕು. ಯಾವ ನೆಲದ ಮೇಲೆ ಹೋಗುತ್ತಿದ್ದೇವೆಂದು ತಿಳಿದು ಹೋಗಬೇಕು.

ಅಂಥ ಒಂದು ಸುತ್ತು ಹೀಗಿದೆ. ಕಾರ್ಕಳದಿಂದ ಹೊರಟು ಬಜಗೋಳಿ, ಮಾಳದ ಮೂಲಕ ಘಟ್ಟ ಹತ್ತಿ, ಕುದುರೆಮುಖ ದಾಟಿ ಕಳಸ ಸೇರುವುದು. ಅಲ್ಲಿ ಊಟ ಮುಗಿಸಿ ಕಾಫಿ ತೋಟಗಳ ನಡುವಿನ ರಸ್ತೆಯಲ್ಲಿ ಕೊಟ್ಟಿಗೆಹಾರಕ್ಕೆ ಬರುವುದು. ಚಾರ್ಮಾಡಿ ಘಾಟಿ ಇಳಿದು ಉಜಿರೆ, ಗುರುವಾಯನಕೆರೆ, ನಾರಾವಿ ಮಾರ್ಗವಾಗಿ ಮತ್ತೆ ಬಜಗೋಳಿಗೆ ಮರಳುವುದು. ಒಟ್ಟು ಹೆಚ್ಚುಕಡಿಮೆ 200 ಕಿ.ಮೀ. ಚತುಷ್ಪಥ ಹೆದ್ದಾರಿಯಾದರೆ ಮೂರು ಗಂಟೆಯ ಹಾದಿ. ಇಲ್ಲಿ ಹತ್ತು ಗಂಟೆ ಇಟ್ಟುಕೊಳ್ಳಿ. ಮಂಗಳೂರು, ಉಡುಪಿಯವರಿಗೆ ಇದು ಮನೆಬಾಗಿಲಿನ ದಾರಿ. ಬೆಂಗಳೂರಿನಿಂದ ಬರುವವರು ಹಿಂದಿನ ರಾತ್ರಿ ಕಾರ್ಕಳದಲ್ಲೋ ಮೂಡುಬಿದಿರೆಯಲ್ಲೋ ತಂಗಿ, ಬೆಳಗ್ಗೆ ಹೊರಡಬಹುದು.

ಈ ಸುತ್ತನ್ನೇ ಆರಿಸಿಕೊಳ್ಳಲು ಕಾರಣವಿದೆ. ಕರ್ನಾಟಕದ ನೀರು ಮೂರು ದಿಕ್ಕಿಗೆ ಹಂಚಿಹೋಗುವ ಜಾಗಗಳು ಒಂದೇ ಹಗಲಿನಲ್ಲಿ ಹೀಗೆ ಒಟ್ಟಿಗೆ ಸಿಗುವ ಇನ್ನೊಂದು ದಾರಿ ನನಗೆ ಗೊತ್ತಿಲ್ಲ. ಇಲ್ಲಿ ಬಿದ್ದ ಮಳೆಯ ಒಂದು ಪಾಲು ಪಡುವಣಕ್ಕೆ ಧುಮುಕಿ ಅರಬ್ಬೀ ಸಮುದ್ರ ಸೇರುತ್ತದೆ. ಇನ್ನೊಂದು ಪಾಲು ತುಂಗೆ, ಭದ್ರೆಯರಾಗಿ ಕೃಷ್ಣೆಯನ್ನು ಕೂಡಿ ಬಂಗಾಳ ಕೊಲ್ಲಿಗೆ ಹೋಗುತ್ತದೆ. ಮತ್ತೊಂದು ಪಾಲು ಹೇಮಾವತಿಯಾಗಿ ಕಾವೇರಿಯ ಕಡೆ ಹರಿಯುತ್ತದೆ. ರಸ್ತೆಯ ಒಂದು ತಿರುವಿಗೂ ಇನ್ನೊಂದು ತಿರುವಿಗೂ ನಡುವೆ ನೀರಿನ ಹಣೆಬರಹ ಬದಲಾಗುವುದನ್ನು ಗಮನಿಸುತ್ತಾ ಹೋದರೆ, ಬರೀ ಹಸಿರಾಗಿ ಕಂಡ ಗುಡ್ಡಗಳು ಬೇರೆ ಬೇರೆಯಾಗಿ ಕಾಣತೊಡಗುತ್ತವೆ.

ಕಾರ್ಕಳವನ್ನು ಬೆಳಗ್ಗೆ ಏಳರೊಳಗೆ ಬಿಡುವುದು ಒಳ್ಳೆಯದು. ಊರಿನ ಬಂಡೆಯ ಮೇಲೆ 1432ರಲ್ಲಿ ವೀರಪಾಂಡ್ಯ ನಿಲ್ಲಿಸಿದ ಗೊಮ್ಮಟನಿದ್ದಾನೆ. ಅವನನ್ನು ನೋಡಿಯೇ ಹೊರಟರೂ ತಡವಾಗದು. ಊರು ಸಮುದ್ರಮಟ್ಟದಿಂದ 100 ಮೀಟರಿಗೂ ಕಡಿಮೆ ಎತ್ತರದಲ್ಲಿದೆ. ರಸ್ತೆ ಬದಿಯಲ್ಲಿ ಕಾಣುವುದು ಮುರಕಲ್ಲಿನ ಕೆಂಪು ಕಟ್ಟೆ, ತೆಂಗು, ಕಂಗು, ಗದ್ದೆ. ಬಜಗೋಳಿ ದಾಟಿ ಮಾಳದ ಕಡೆ ಸಾಗುವಾಗ ಎದುರಿಗೆ ಗೋಡೆಯಂತೆ ಎದ್ದು ನಿಂತದ್ದೇ ಸಹ್ಯಾದ್ರಿ. ಈ ಬುಡದ ಹಳ್ಳಗಳೆಲ್ಲ ಕೂಡಿ ಸ್ವರ್ಣಾ ನದಿಯಾಗುತ್ತವೆ. ಉಡುಪಿ ಪೇಟೆ ಕುಡಿಯುವ ನೀರಿಗೆ ನಂಬಿರುವುದು ಬಜೆಯ ಅಣೆಕಟ್ಟಿನಲ್ಲಿ ನಿಲ್ಲುವ ಇದೇ ಸ್ವರ್ಣೆಯನ್ನು. ಮೂರು ಪಾಲಿನಲ್ಲಿ ಮೊದಲನೆಯದು ಇಲ್ಲಿಂದಲೇ ಲೆಕ್ಕಕ್ಕೆ ಬಂತು.

ಮಾಳದ ಚೆಕ್‌ಪೋಸ್ಟ್ ಕಳೆದ ಮೇಲೆ ಏರು ಶುರು. ಕಿಟಕಿ ಇಳಿಸಿ, ಏಸಿ ಆರಿಸಿ. ಪ್ರತಿ ತಿರುವಿಗೂ ಗಾಳಿ ಬದಲಾಗುವುದು ಮೈಗೆ ತಿಳಿಯುತ್ತದೆ. ಇದಕ್ಕೆ ಸರಳವಾದ ಕಾರಣವಿದೆ. ಎತ್ತರ ಒಂದು ಕಿಲೋಮೀಟರ್ ಹೆಚ್ಚಿದರೆ ಉಷ್ಣಾಂಶ ಸುಮಾರು 6 ಡಿಗ್ರಿ ಇಳಿಯುತ್ತದೆ. ಮುಂಗಾರಿನಲ್ಲಿ ಸಮುದ್ರದ ಮೇಲಿನಿಂದ ತೇವ ಹೊತ್ತು ಬರುವ ಗಾಳಿಗೆ ಈ ಗೋಡೆ ಅಡ್ಡ ನಿಲ್ಲುತ್ತದೆ. ಗಾಳಿಗೆ ಮೇಲೇರದೆ ಬೇರೆ ದಾರಿಯಿಲ್ಲ. ಏರಿದ ಗಾಳಿ ತಣಿಯುತ್ತದೆ, ತಣಿದ ಗಾಳಿ ತೇವವನ್ನು ಹಿಡಿದಿಟ್ಟುಕೊಳ್ಳಲಾರದು, ಮಳೆ ಸುರಿಯುತ್ತದೆ. ಕರಾವಳಿಯಲ್ಲಿ ವರ್ಷಕ್ಕೆ 4,000 ಮಿ.ಮೀ. ಆಸುಪಾಸು ಬೀಳುವ ಮಳೆ ಘಟ್ಟದ ನೆತ್ತಿಯಲ್ಲಿ 6,000 ಮಿ.ಮೀ. ಮೀರುತ್ತದೆ. ಇಲ್ಲಿಂದ ಉತ್ತರಕ್ಕಿರುವ ಆಗುಂಬೆಯಲ್ಲಿ ಅದು 7,000 ದಾಟುವುದುಂಟು. ಅದೇ ಘಟ್ಟದ ಬೆನ್ನ ಹಿಂದೆ, ಚಿಕ್ಕಮಗಳೂರು ಪೇಟೆ ದಾಟಿ ಕಡೂರಿಗೆ ಹೋದರೆ ಸಾವಿರ ಮಿ.ಮೀ. ಕೂಡ ಇಲ್ಲ. ಒಂದೇ ಜಿಲ್ಲೆಯೊಳಗೆ ಕೊಡೆ ಕೊಳೆಯುವ ಊರೂ ಇದೆ, ಟ್ಯಾಂಕರ್ ನೀರಿಗೆ ಕಾಯುವ ಊರೂ ಇದೆ.

ಏರುದಾರಿ ಮುಗಿಯುವಲ್ಲಿ ಎಸ್.ಕೆ. ಬಾರ್ಡರ್. ಹಳೆಯ ಸೌತ್ ಕೆನರಾ ಜಿಲ್ಲೆಯ ಗಡಿ ಎಂಬ ಹೆಸರು ಜಿಲ್ಲೆ ಒಡೆದು ಹೋದ ಮೇಲೂ ಉಳಿದುಕೊಂಡಿದೆ. ಎಡಕ್ಕೆ ಹೊರಳಿದರೆ ಕೆರೆಕಟ್ಟೆಯ ಮೇಲೆ ಶೃಂಗೇರಿ, ಬಲಕ್ಕೆ ಕುದುರೆಮುಖ. ನಾವು ಬಲಕ್ಕೆ. ಇಲ್ಲಿಂದ ಮುಂದೆ ರಸ್ತೆ ಕುದುರೆಮುಖ ರಾಷ್ಟ್ರೀಯ ಉದ್ಯಾನದ ಒಳಗೆ ಸಾಗುತ್ತದೆ. ಸುಮಾರು 600 ಚದರ ಕಿ.ಮೀ. ವ್ಯಾಪ್ತಿಯ ಈ ಕಾಡನ್ನು 1987ರಲ್ಲಿ ರಾಷ್ಟ್ರೀಯ ಉದ್ಯಾನವೆಂದು ಘೋಷಿಸಲಾಯಿತು. ಅದಕ್ಕೆ ನೆಲೆಯಾದದ್ದು ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು 1983-84ರಲ್ಲಿ ಇಲ್ಲಿನ ಸಿಂಗಳೀಕಗಳ ಬಗ್ಗೆ ನಡೆಸಿದ ಸಮೀಕ್ಷೆ. ಕಪ್ಪು ಮೈ, ಮುಖದ ಸುತ್ತ ಬೂದುಬಿಳಿ ಕೇಸರ, ತುದಿಯಲ್ಲಿ ಕುಚ್ಚಿರುವ ಬಾಲದ ಸಿಂಗಳೀಕ ಪಶ್ಚಿಮಘಟ್ಟ ಬಿಟ್ಟು ಜಗತ್ತಿನ ಬೇರೆಲ್ಲೂ ಇಲ್ಲ. ಅದು ಮರದಿಂದ ಮರಕ್ಕೇ ಓಡಾಡುವ ಪ್ರಾಣಿ. ನೆತ್ತಿಗಳು ಒಂದಕ್ಕೊಂದು ತಾಗಿಕೊಂಡಿರುವ ದಟ್ಟ ಕಾಡಿಲ್ಲದಿದ್ದರೆ ಅದು ಬದುಕಲಾರದು. ಕಾರಿನ ಬಳಿ ಬಂದು ಬಿಸ್ಕತ್ತಿಗೆ ಕೈಚಾಚುವುದು ಸಾಮಾನ್ಯ ಮಂಗ. ಅದಕ್ಕೂ ಏನನ್ನೂ ಕೊಡಬೇಡಿ. ರಸ್ತೆಯಲ್ಲಿ ತಿನ್ನಲು ಸಿಗುತ್ತದೆಂದು ಕಲಿತ ಮಂಗಗಳೇ ಚಕ್ರಕ್ಕೆ ಸಿಕ್ಕಿ ಸಾಯುವುದು.

ಉದ್ಯಾನದೊಳಗೆ ಹೋಗುವ ವಾಹನಗಳಿಗೆ ಚೆಕ್‌ಪೋಸ್ಟಿನಲ್ಲಿ ವೇಳೆ ನಮೂದಿಸಿದ ಚೀಟಿ ಕೊಟ್ಟು, ಇಷ್ಟು ಹೊತ್ತಿನೊಳಗೆ ಆ ತುದಿ ತಲುಪಬೇಕೆಂದು ಹೇಳುವ ಕ್ರಮವಿದೆ. ಹಲವರಿಗೆ ಇದು ಕಿರಿಕಿರಿ. ನನ್ನ ಮಟ್ಟಿಗೆ ಇದು ಒಳ್ಳೆಯ ನಿಯಮ. ದಾರಿಯುದ್ದಕ್ಕೂ ಕಂಡಕಂಡಲ್ಲಿ ನಿಲ್ಲಿಸಿ ಹಾಡು ಹಾಕಿ ಕುಣಿಯುವುದನ್ನು ತಡೆಯಲು ಬೇರೆ ಉಪಾಯವಿಲ್ಲ. ನಿಲ್ಲಲು ಅನುಮತಿಯಿರುವ ಜಾಗದಲ್ಲಿ ಮಾತ್ರ ನಿಲ್ಲಿ. ಹನುಮನಗುಂಡಿ ಜಲಪಾತಕ್ಕೆ ಇಲಾಖೆಯ ಟಿಕೆಟ್ ಪಡೆದು ಮೆಟ್ಟಿಲಿಳಿದು ಹೋಗಬಹುದು. ಮಳೆ ಜೋರಿರುವ ದಿನಗಳಲ್ಲಿ ಬಿಡುವುದಿಲ್ಲ. ಬಿಡದಿರುವುದೇ ಸರಿ, ಮೇಲೆಲ್ಲೋ ಸುರಿದ ಮಳೆ ಕೆಳಗೆ ನಿಂತವರಿಗೆ ತಿಳಿಯುವ ಮೊದಲೇ ನೀರು ಏರಿಬಿಟ್ಟಿರುತ್ತದೆ.

ಇನ್ನು ಗಂಗಾಮೂಲ. ವರಾಹ ಪರ್ವತದ ಈ ಮಗ್ಗುಲಲ್ಲಿ ತುಂಗೆ, ಭದ್ರೆ, ನೇತ್ರಾವತಿ ಮೂರೂ ಹುಟ್ಟುತ್ತವೆಂದು ಜನ ಬಹುಕಾಲದಿಂದ ಪೂಜಿಸಿಕೊಂಡು ಬಂದಿದ್ದಾರೆ. ಇಲ್ಲಿ ಕಣ್ಣಿಗೆ ದೊಡ್ಡದಾಗಿ ಕಾಣುವಂಥದ್ದು ಏನೂ ಇಲ್ಲ. ಕಾಡು, ಹುಲ್ಲು, ಒಸರುವ ನೀರು ಅಷ್ಟೆ. ಆದರೆ ಒಂದು ಕ್ಷಣ ಯೋಚಿಸಿ. ಪಶ್ಚಿಮಕ್ಕೆ ಬಾಗಿದ ಇಳಿಜಾರಿನ ನೀರು ನೇತ್ರಾವತಿಯಾಗಿ ಧರ್ಮಸ್ಥಳ, ಉಪ್ಪಿನಂಗಡಿ, ಬಂಟ್ವಾಳ ದಾಟಿ ಮಂಗಳೂರಿನಲ್ಲಿ ಕಡಲು ಸೇರುತ್ತದೆ. ಹಕ್ಕಿ ಹಾರುವ ದೂರದಲ್ಲಿ ಅಳೆದರೆ ಇಲ್ಲಿಂದ ಕಡಲು ಹತ್ತಿರವೇ. ತುಂಗೆ ಅದೇ ಗುಡ್ಡದ ಮೇಲಿನಿಂದ ಶೃಂಗೇರಿಗೆ, ತೀರ್ಥಹಳ್ಳಿಗೆ ಹೋಗುತ್ತಾಳೆ. ಭದ್ರೆ ಕಳಸ, ಬಾಳೆಹೊನ್ನೂರಿನ ಹಾದಿ ಹಿಡಿಯುತ್ತಾಳೆ. ಇಬ್ಬರೂ ಶಿವಮೊಗ್ಗ ಬಳಿಯ ಕೂಡ್ಲಿಯಲ್ಲಿ ಒಂದಾಗಿ ತುಂಗಭದ್ರೆಯಾಗಿ ಹಂಪಿಯ ಬಂಡೆಗಳ ನಡುವೆ ಹರಿದು, ಮಂತ್ರಾಲಯ ದಾಟಿ, ಕೃಷ್ಣೆಯನ್ನು ಸೇರಿ, ಇಡೀ ಪರ್ಯಾಯ ದ್ವೀಪವನ್ನು ಅಡ್ಡಹಾಯ್ದು ಪೂರ್ವದ ಕಡಲಿಗೆ ಮುಟ್ಟುತ್ತಾರೆ. ಕಡಲು ಪಡುವಣದಲ್ಲಿ ಅಷ್ಟು ಸಮೀಪವಿದ್ದರೂ ಈ ನೀರು ಮೂಡಣಕ್ಕೆ ಹೊರಟದ್ದೇಕೆ? ಪಶ್ಚಿಮಘಟ್ಟ ನಿಜಕ್ಕೂ ಎರಡೂ ಕಡೆ ಇಳಿಜಾರಿರುವ ಪರ್ವತಸಾಲಲ್ಲ. ಅದು ದಖ್ಖನ್ ಪ್ರಸ್ಥಭೂಮಿಯ ಎತ್ತಿದ ಅಂಚು. ಕೋಟ್ಯಂತರ ವರ್ಷಗಳ ಹಿಂದೆ ಮಡಗಾಸ್ಕರ್ ನಮ್ಮ ಪಶ್ಚಿಮದ ಬದಿಯಿಂದ ಕಳಚಿಕೊಂಡು ಹೋದ ಮೇಲೆ ಉಳಿದ ಅಂಚು ಎತ್ತರವಾಗಿಯೂ ಕಡಿದಾಗಿಯೂ ಉಳಿಯಿತು. ಹಿಂದಿನ ನೆಲವೆಲ್ಲ ಪೂರ್ವಕ್ಕೆ ಮೆಲ್ಲಗೆ ಬಾಗಿದೆ. ಆದ್ದರಿಂದ ಅಂಚಿನ ಈಚೆ ಬಿದ್ದ ಹನಿಗೆ ಪೂರ್ವವೇ ಗತಿ. ದಾವಣಗೆರೆಯ ಭತ್ತ, ಗಂಗಾವತಿಯ ಭತ್ತ ಎರಡೂ ಈ ಬಾಗಿನ ಕೊಡುಗೆ.

ಕುದುರೆಮುಖದ ಕಡೆ ಸಾಗಿದಂತೆ ಕಾಡು ಹಿಂದೆ ಸರಿದು ಹುಲ್ಲಿನ ಗುಡ್ಡಗಳು ತೆರೆದುಕೊಳ್ಳುತ್ತವೆ. ಇವನ್ನು ಮೊದಲ ಸಲ ನೋಡಿದವರು, ‘ಛೆ, ಕಾಡನ್ನೆಲ್ಲ ಕಡಿದು ಬೋಳು ಮಾಡಿದ್ದಾರೆ’ ಎನ್ನುವುದನ್ನು ಕೇಳಿದ್ದೇನೆ. ಯಾರೂ ಕಡಿದದ್ದಲ್ಲ. ನೆತ್ತಿಯಲ್ಲಿ ಮಣ್ಣಿನ ಪದರ ತೆಳು, ಗಾಳಿಯ ಹೊಡೆತ ಜೋರು, ಅಲ್ಲಿ ಹುಲ್ಲು. ಎರಡು ಗುಡ್ಡ ಕೂಡುವ ಮಡಿಲಲ್ಲಿ ಮಣ್ಣು ಆಳ, ಗಾಳಿಗೆ ಮರೆ, ಸದಾ ತೇವ. ಅಲ್ಲಿ ಗಿಡ್ಡ ಮರಗಳ ಒತ್ತಾದ ಕಾಡು. ಶೋಲಾ ಎನ್ನುವುದು ಈ ಮಡಿಲ ಕಾಡಿಗೇ. ಇಂಥದೇ ಹುಲ್ಲು, ಶೋಲಾಗಳ ಜೋಡಿ ನೀಲಗಿರಿಯಲ್ಲೂ ಇದೆ. ಅಲ್ಲಿನ ಜೌಗು ನೆಲದ ಪದರಗಳನ್ನು ಬಗೆದು ಅಧ್ಯಯನ ಮಾಡಿದ ವಿಜ್ಞಾನಿಗಳಿಗೆ 20,000 ವರ್ಷಗಳ ಹಿಂದೆಯೂ ಅಲ್ಲಿ ಹುಲ್ಲುಗಾವಲಿದ್ದ ಸುಳಿವು ಸಿಕ್ಕಿದೆ. ಎಂದರೆ ಹುಲ್ಲು ಇಲ್ಲಿಗೆ ಹೊಸಬನಲ್ಲ.

ಈ ಹುಲ್ಲು ಮಾಡುವ ಕೆಲಸವನ್ನು ತಿಳಿದರೆ ಅದರ ಮೇಲೆ ಕಾಲಿಡಲೂ ಹಿಂಜರಿಕೆಯಾಗಬೇಕು. ಜೂನ್‌ನಿಂದ ಸೆಪ್ಟೆಂಬರಿನವರೆಗೆ ಬಿದ್ದ ಮಳೆಯನ್ನು ಹುಲ್ಲಿನ ಬೇರಿನ ಹೆಣಿಗೆ ಮತ್ತು ಅದರ ಕೆಳಗಿನ ಕಪ್ಪು ಮಣ್ಣು ಹೀರಿಕೊಳ್ಳುತ್ತವೆ. ಆಮೇಲೆ ನೆನೆದ ಕಂಬಳಿಯಿಂದ ನೀರು ತೊಟ್ಟಿಕ್ಕುವ ಹಾಗೆ ತಿಂಗಳುಗಟ್ಟಲೆ ಅದು ಶೋಲಾಗೆ ಒಸರುತ್ತದೆ. ಶೋಲಾದಿಂದ ಹಳ್ಳ, ಹಳ್ಳದಿಂದ ಹೊಳೆ. ಮಾರ್ಚ್ ತಿಂಗಳ ಬಿಸಿಲಲ್ಲೂ ಕಳಸದಲ್ಲಿ ಭದ್ರೆ ಹರಿಯುವುದು ಈ ಕಾರಣಕ್ಕೆ. ಹುಲ್ಲುಗಾವಲೆಂದರೆ ಪಾಳು ಎಂದು ತಿಳಿದು ಅಕೇಶಿಯಾದಂಥ ಹೊರಗಿನ ಮರಗಳನ್ನು ನೆಟ್ಟದ್ದು ಪಶ್ಚಿಮಘಟ್ಟದ ಹಲವೆಡೆ ನಡೆದ ದೊಡ್ಡ ತಪ್ಪು. ಈಗಿನ ತಪ್ಪು ಜೀಪು, ಬೈಕುಗಳದು. ರಸ್ತೆ ಬಿಟ್ಟು ಗುಡ್ಡ ಹತ್ತಿಸಿದ ಚಕ್ರದ ಗುರುತಿನಲ್ಲಿ ಮುಂದಿನ ಮಳೆಗೆ ನೀರು ಕೊರಕಲು ಮಾಡುತ್ತದೆ. ಕೊರಕಲು ಬಿದ್ದ ಮೇಲೆ ಮಣ್ಣು ನಿಲ್ಲುವುದಿಲ್ಲ. ಕುದುರೆಮುಖದ ಶಿಖರ 1,890 ಮೀಟರಿಗೂ ಎತ್ತರ. ಅದನ್ನು ಹತ್ತಲು ಇಲಾಖೆಯ ಅನುಮತಿ, ಒಂದು ಪೂರ್ತಿ ದಿನ, ಒಳ್ಳೆಯ ಕಾಲು ಬೇಕು. ಈ ಪ್ರಯಾಣದಲ್ಲಿ ಅದನ್ನು ದೂರದಿಂದ ನೋಡಿದರೆ ಸಾಕು.

ಕುದುರೆಮುಖ ಪೇಟೆಗೆ ಬಂದಾಗ ಅಗಲ ರಸ್ತೆಗಳು, ಸಾಲು ಸಾಲು ಕ್ವಾರ್ಟರ್ಸುಗಳು, ಬಾಗಿಲು ಮುಚ್ಚಿದ ಮನೆಗಳು ಕಾಣುತ್ತವೆ. ಗಣಿಗಾಗಿ ಕಟ್ಟಿದ ಊರು ಇದು. ಇಲ್ಲಿನ ಗುಡ್ಡಗಳಲ್ಲಿ ಕಬ್ಬಿಣಾಂಶ ಕಡಿಮೆಯಿರುವ ಮ್ಯಾಗ್ನಟೈಟ್ ಅದಿರು ಅಪಾರವಾಗಿದೆ. ಅದನ್ನು ತೆಗೆಯಲು 1976ರಲ್ಲಿ ಕೇಂದ್ರ ಸರ್ಕಾರದ ಕುದುರೆಮುಖ ಕಬ್ಬಿಣ ಅದಿರು ಕಂಪನಿ ಹುಟ್ಟಿತು. ಇರಾನ್ ದೇಶ ಹಣ ಹೂಡಿ ಅದಿರು ಕೊಳ್ಳುವ ಒಪ್ಪಂದವಾಗಿತ್ತು. ಅಲ್ಲಿ 1979ರಲ್ಲಿ ಕ್ರಾಂತಿಯಾಗಿ ಆ ಲೆಕ್ಕಾಚಾರವೇ ತಲೆಕೆಳಗಾಯಿತು. ಆದರೂ ಗಣಿ ನಡೆಯಿತು. ಅದಿರನ್ನು ಪುಡಿ ಮಾಡಿ, ನೀರಿನಲ್ಲಿ ಕಲಸಿ, 67 ಕಿ.ಮೀ. ಉದ್ದದ ಕೊಳವೆಯಲ್ಲಿ ಘಟ್ಟ ಇಳಿಸಿ ಪಣಂಬೂರಿಗೆ ಸಾಗಿಸುತ್ತಿದ್ದರು. ಕಬ್ಬಿಣ ತೆಗೆದುಳಿದ ಹೂಳನ್ನು ಲಕ್ಯಾ ಹೊಳೆಗೆ ಕಟ್ಟಿದ, ನೂರು ಮೀಟರಿನಷ್ಟು ಎತ್ತರದ ಅಣೆಕಟ್ಟಿನ ಹಿಂದೆ ತುಂಬಿದರು. ತೆರೆದ ಗಣಿಗೆ ಇಷ್ಟೊಂದು ಮಳೆ ಸುರಿದರೆ ಮಣ್ಣು ಎಲ್ಲಿಗೆ ಹೋಗಬೇಕು? ಭದ್ರೆಗೇ ಹೋಯಿತು.

ಗಣಿಯ 30 ವರ್ಷಗಳ ಗುತ್ತಿಗೆ 1999ರಲ್ಲಿ ಮುಗಿದಾಗ ಅದನ್ನು ಮುಂದುವರಿಸಬಾರದೆಂದು ಪರಿಸರಾಸಕ್ತರು ಪಟ್ಟುಹಿಡಿದರು. ಅರಣ್ಯ ಇಲಾಖೆಯಲ್ಲಿ ದುಡಿದು ನಿವೃತ್ತರಾಗಿದ್ದ ಕೆ.ಎಂ. ಚಿಣ್ಣಪ್ಪನವರ ಹೆಸರಿನಲ್ಲಿ ಸುಪ್ರೀಂ ಕೋರ್ಟಿಗೆ ಹೋದ ಪ್ರಕರಣದಲ್ಲಿ 2002ರಲ್ಲಿ ತೀರ್ಪು ಬಂತು. 2005ರ ಕೊನೆಗೆ ಗಣಿ ನಿಂತಿತು. ನೂರಾರು ಕುಟುಂಬಗಳು ಊರು ಬಿಟ್ಟವು. ಅವರ ನೋವು ಸಣ್ಣದಲ್ಲ. ಈ ಪೇಟೆಯಲ್ಲಿ ಹುಟ್ಟಿ ಬೆಳೆದವರು ಈಗಲೂ ತಮ್ಮ ಶಾಲೆ, ಮೈದಾನಗಳನ್ನು ನೋಡಲು ಬರುತ್ತಾರೆ. ಉದ್ಯಾನದೊಳಗೆ ತಲೆಮಾರುಗಳಿಂದ ಇರುವ ಮಲೆಕುಡಿಯರ ಮತ್ತು ಇತರ ಮನೆಗಳಿಗೆ ರಸ್ತೆ, ಕರೆಂಟಿನ ಕಷ್ಟ ಇಂದಿಗೂ ಬಗೆಹರಿದಿಲ್ಲ. ಇಷ್ಟಿದ್ದರೂ ಗಣಿ ನಿಂತದ್ದು ಸರಿ ಎಂದೇ ನನ್ನ ನಿಲುವು. ಲಕ್ಕವಳ್ಳಿಯ ಭದ್ರಾ ಜಲಾಶಯವನ್ನು ನಂಬಿದ ರೈತರ ಸಂಖ್ಯೆ ದೊಡ್ಡದು. ಕಬ್ಬಿಣ ಬೇರೆಡೆಯೂ ಸಿಗುತ್ತದೆ, ಭದ್ರೆಯ ತಲೆನೀರು ಬೇರೆಡೆ ಸಿಗುವುದಿಲ್ಲ. 2012ರಲ್ಲಿ ಯುನೆಸ್ಕೊ ಪಶ್ಚಿಮಘಟ್ಟದ 39 ತಾಣಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದಾಗ ಅದರಲ್ಲಿ ಕುದುರೆಮುಖವೂ ಇತ್ತು.

ಪೇಟೆ ಬಿಟ್ಟು ಸಂಸೆಯ ಕಡೆ ಇಳಿದರೆ ಚಹಾ ತೋಟ. ಕಾಫಿ ನಾಡಿನಲ್ಲಿ ಚಹಾ ಅಪರೂಪ, ಅದಕ್ಕೇ ಇಲ್ಲಿ ಎಲ್ಲರ ಕ್ಯಾಮೆರಾ ಹೊರಬರುತ್ತದೆ. ಅಲ್ಲಿಂದ ಕಳಸ ದೂರವಿಲ್ಲ.

ಕಳಸದಲ್ಲಿ ಎರಡು ಗಂಟೆ ಕಳೆಯಿರಿ. ಮೆಟ್ಟಿಲ ಸಾಲಿನ ಮೇಲಿನ ಕಳಸೇಶ್ವರ ದೇವಸ್ಥಾನ, ಭದ್ರೆಯ ದಂಡೆಯ ತೀರ್ಥಗಳು, ಅದರಲ್ಲೂ ಅಂಬಾತೀರ್ಥ. ಬಂಡೆಗಳನ್ನು ಕೊರೆದುಕೊಂಡು ನದಿ ಕಿರಿದಾಗಿ ನುಗ್ಗುವ ಜಾಗ ಅದು. ಮಧ್ವಾಚಾರ್ಯರು ಒಂದೇ ಕೈಯಲ್ಲಿ ತಂದಿಟ್ಟರೆಂದು ಹೇಳುವ ಭಾರಿ ಕಲ್ಲೊಂದು ಶಾಸನದೊಂದಿಗೆ ಅಲ್ಲಿದೆ. ನೀರಿಗಿಳಿಯಬೇಡಿ, ಮೇಲ್ಮೈ ಶಾಂತವಾಗಿ ಕಂಡರೂ ಬಂಡೆಗಳ ನಡುವೆ ಸುಳಿಯಿದೆ. ಊಟಕ್ಕೆ ಪೇಟೆಯಲ್ಲೇ ಹೋಟೆಲುಗಳಿವೆ. ಸಮಯವಿದ್ದವರು ಎಂಟು ಕಿ.ಮೀ. ಆಚೆಯ ಹೊರನಾಡಿಗೆ ಹೋಗಿ ಅನ್ನಪೂರ್ಣೇಶ್ವರಿಯ ಸನ್ನಿಧಿಯಲ್ಲಿ ಪಂಕ್ತಿಯಲ್ಲಿ ಕೂತು ಉಣ್ಣಬಹುದು. ಬಂದವರಿಗೆಲ್ಲ ಅನ್ನ ಹಾಕುವುದು ಅಲ್ಲಿನ ನಡೆ.

ಬೆಳಗ್ಗೆ ಬಿಟ್ಟುಬಂದ ಕಾರ್ಕಳಕ್ಕೂ ಈ ಕಳಸಕ್ಕೂ ಹಳೆಯ ನಂಟಿದೆ. ಎರಡೂ ಒಂದೇ ರಾಜ್ಯದ ಊರುಗಳು. ಭೈರರಸರು ಘಟ್ಟದ ಮೇಲಿನ ಕಳಸವನ್ನೂ ಕೆಳಗಿನ ಕಾರ್ಕಳವನ್ನೂ ಕೂಡಿಸಿ ಆಳಿದರು. ಚರಿತ್ರೆಯ ಪುಸ್ತಕಗಳಲ್ಲಿ ಅದು ಕಳಸ-ಕಾರ್ಕಳ ರಾಜ್ಯ. ಗೊಮ್ಮಟನನ್ನು ನಿಲ್ಲಿಸಿದ ವೀರಪಾಂಡ್ಯ ಆ ಮನೆತನದವನೇ. ನಾವು ಗೋಡೆಯೆಂದು ನೋಡುವ ಘಟ್ಟವನ್ನು ಅವರು ತಮ್ಮ ರಾಜ್ಯದ ನಡುಬೆನ್ನಾಗಿ ನೋಡಿದ್ದರು. ಕಡಲ ಕಡೆಯಿಂದ ಉಪ್ಪು, ಒಣಮೀನು ಮೇಲೆ ಬರುತ್ತಿದ್ದವು. ಮೇಲಿನಿಂದ ಕಾಳುಮೆಣಸು, ಅಡಿಕೆ, ಅಕ್ಕಿ ಕೆಳಗಿಳಿಯುತ್ತಿದ್ದವು. ‘ಘಟ್ಟದ ಮೇಲಿನವರು’, ‘ಕೆಳಗಿನವರು’ ಎಂಬ ಮಾತು ಇಂದಿಗೂ ಬಳಕೆಯಲ್ಲಿದೆ. ಕೆಳಗೆ ತುಳು, ಕುಚ್ಚಲಕ್ಕಿ ಗಂಜಿ. ಮೇಲೆ ಮಲೆನಾಡ ಕನ್ನಡ, ಕಡುಬು, ಅಕ್ಕಿರೊಟ್ಟಿ. ಆದರೆ ಮದುವೆ ಸಂಬಂಧ, ವ್ಯಾಪಾರ, ಹರಕೆಗಳೆಲ್ಲ ಎರಡೂ ಕಡೆಗೆ ಓಡಾಡುತ್ತಲೇ ಇವೆ. ಕಳಸದ ಬಸ್‌ ನಿಲ್ದಾಣದಲ್ಲಿ ಹತ್ತು ನಿಮಿಷ ನಿಂತರೆ ಎರಡೂ ಮಾತು ಕಿವಿಗೆ ಬೀಳುತ್ತವೆ.

ಕಳಸದಿಂದ ಕೊಟ್ಟಿಗೆಹಾರದವರೆಗಿನ ರಸ್ತೆ ಈ ಪ್ರಯಾಣದಲ್ಲಿ ನನಗೆ ಎಲ್ಲಕ್ಕಿಂತ ಇಷ್ಟ. ಪ್ರಸಿದ್ಧ ತಾಣ ಒಂದೂ ಇಲ್ಲ, ಹಾಗಾಗಿ ಜನಸಂದಣಿಯೂ ಇಲ್ಲ. ಎರಡೂ ಬದಿಗೆ ತೋಟ. ಎತ್ತರದ ಸಿಲ್ವರ್ ಓಕ್ ಮರಗಳು, ಅವಕ್ಕೆ ಹಬ್ಬಿದ ಕಾಳುಮೆಣಸಿನ ಬಳ್ಳಿ, ಕೆಳಗೆ ನೆರಳಿನಲ್ಲಿ ಕಾಫಿ ಗಿಡ, ತಗ್ಗಿನಲ್ಲಿ ಅಡಿಕೆ. ಮಾರ್ಚ್, ಏಪ್ರಿಲಿನಲ್ಲಿ ಒಂದು ಹದವಾದ ಹೂಮಳೆ ಬಿದ್ದರೆ ಎಂಟು ಹತ್ತು ದಿನಕ್ಕೆ ತೋಟವೆಲ್ಲ ಬೆಳ್ಳಗಾಗುತ್ತದೆ. ಮಲ್ಲಿಗೆಯನ್ನು ನೆನಪಿಸುವ ಪರಿಮಳ ಕಾರಿನೊಳಗೂ ಬರುತ್ತದೆ. ಆ ಹೂವು ನಿಲ್ಲುವುದು ಕೆಲವೇ ದಿನ. ಆ ಮಳೆ ಕೈಕೊಟ್ಟರೆ ಬೆಳೆಗಾರ ಕೆರೆಯ ನೀರೆತ್ತಿ ಸ್ಪ್ರಿಂಕ್ಲರಿನಲ್ಲಿ ಸುರಿಯಬೇಕು. ನವೆಂಬರಿನಿಂದ ಜನವರಿಯವರೆಗೆ ಅರೇಬಿಕಾ ಕೊಯ್ಲು, ಆಮೇಲೆ ರೊಬಸ್ಟಾ. ಆಗ ಮನೆ ಮನೆಯ ಕಣದಲ್ಲಿ ಹಣ್ಣು ಒಣಗುತ್ತಿರುತ್ತದೆ. ಇದೇ ದಾರಿಯಲ್ಲಿ ಸೋಗೆ ಹಳದಿಯಾಗಿ, ಒಣಗಿ ಜೋತ ಅಡಿಕೆ ತೋಟಗಳೂ ಕಣ್ಣಿಗೆ ಬೀಳುತ್ತವೆ. ಹಳದಿ ಎಲೆ ರೋಗ ಈ ಭಾಗಕ್ಕೆ ಹಳೆಯದು. ಈಚಿನ ವರ್ಷಗಳಲ್ಲಿ ಎಲೆಚುಕ್ಕಿ ರೋಗವೂ ಕಳಸದ ಸುತ್ತ ಜೋರಾಗಿದೆ. ಚಂದದ ಊರೆಂದು ನಾವು ಫೋಟೊ ತೆಗೆಯುವಾಗ ಆ ತೋಟದ ಯಜಮಾನ ಸಾಲದ ಕಂತಿನ ಚಿಂತೆಯಲ್ಲಿರಬಹುದು. ಬೇಲಿ ದಾಟಿ ತೋಟದೊಳಗೆ ಹೋಗಬೇಡಿ. ರಸ್ತೆ ಬದಿಯ ಮನೆಯವರು ಜೇನು, ಮೆಣಸು, ಕಾಫಿಪುಡಿ ಮಾರುತ್ತಿದ್ದರೆ ಚೌಕಾಸಿ ಮಾಡದೆ ಕೊಳ್ಳಿ.

ಕೊಟ್ಟಿಗೆಹಾರಕ್ಕೆ ಮುನ್ನ, ಬಾಳೂರಿನ ಸಮೀಪ ಜಾವಳಿ. ಅಲ್ಲಿ ಹೇಮಾವತಿಯ ಮೂಲವಿದೆ. ಬೆಳಗ್ಗೆ ಕಂಡದ್ದು ಕೃಷ್ಣೆಗೆ ಹೋಗುವ ನೀರು. ಇದು ಕಾವೇರಿಯ ನೀರು. ಸಕಲೇಶಪುರದ ಮೇಲೆ ಹರಿದು, ಗೊರೂರಿನ ಅಣೆಕಟ್ಟಿನಲ್ಲಿ ನಿಂತು, ಕೃಷ್ಣರಾಜಸಾಗರದ ಹಿನ್ನೀರಿನಲ್ಲಿ ಕಾವೇರಿಯನ್ನು ಕೂಡುತ್ತದೆ. ತುಮಕೂರಿನವರೆಗೆ ನಾಲೆ ಹಿಡಿದು ಹೋಗುವುದೂ ಇದೇ ಹೇಮಾವತಿ. ಭದ್ರೆಯ ಕಣಿವೆಯನ್ನು ಬಿಟ್ಟು ಹೇಮಾವತಿಯ ಕಣಿವೆಗೆ ಬಂದದ್ದು ಎಲ್ಲಿ ಎಂದು ರಸ್ತೆಯಲ್ಲಿ ಯಾವ ಫಲಕವೂ ಹೇಳುವುದಿಲ್ಲ. ಅಲ್ಲೊಂದು ಫಲಕ ಹಾಕಿದರೆ ಶಾಲೆಯ ಮಕ್ಕಳಿಗೆ ಭೂಗೋಳದ ಒಂದು ಪಾಠವೇ ಆದೀತು. ಸರ್ಕಾರ ಮಾಡಬೇಕಾದ ಸಣ್ಣ ಕೆಲಸ ಇದು.

ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿನ್ನದೆ ಮುಂದೆ ಹೋದವರು ಕಡಿಮೆ. ನಾಲ್ಕು ಗಂಟೆಯ ಹೊತ್ತಿಗೆ ಬಿಸಿ ದೋಸೆ, ಚಟ್ನಿ, ಫಿಲ್ಟರ್ ಕಾಫಿ. ಘಾಟಿ ಇಳಿಯುವ ಮೊದಲು ಚಾಲಕನಿಗೆ ಇದು ಬೇಕೇ ಬೇಕು. ಇದು ಪೂರ್ಣಚಂದ್ರ ತೇಜಸ್ವಿಯವರ ಸೀಮೆ. ಮೂಡಿಗೆರೆಯಲ್ಲಿ ತೋಟ ಮಾಡಿಕೊಂಡು, ಹಕ್ಕಿ, ಮೀನು, ಹುಳುಗಳ ಬೆನ್ನುಬಿದ್ದ ಅವರು ಈ ಕಾಡನ್ನು ಕನ್ನಡದ ಓದುಗರ ಮನೆಯೊಳಗೆ ತಂದರು. ‘ಕರ್ವಾಲೊ’ ಓದಿದವರು ಅಡಿಕೆ ಮರದ ಮೇಲೆ ಹಾರುವ ಓತಿಗಾಗಿ ಕಣ್ಣಾಡಿಸದೆ ಇರಲಾರರು. ಅದು ಕಾದಂಬರಿಯ ಕಲ್ಪನೆಯಲ್ಲ, ಈ ತೋಟಗಳಲ್ಲೇ ಇರುವ ಜೀವಿ. ಅವರ ಹೆಸರಿನ ಪ್ರತಿಷ್ಠಾನ ಕೊಟ್ಟಿಗೆಹಾರದಲ್ಲೇ ಇದೆ. ಅರ್ಧ ಗಂಟೆ ಅಲ್ಲಿಗೆ ಇಟ್ಟುಕೊಳ್ಳಿ.

ಇನ್ನು ಇಳಿಜಾರು. ಚಾರ್ಮಾಡಿ ಘಾಟಿ ಇಪ್ಪತ್ತು ಕಿಲೋಮೀಟರಿಗೂ ಮೀರಿ ಉದ್ದವಿದೆ. ಹತ್ತುವುದಕ್ಕಿಂತ ಇಳಿಯುವುದೇ ಕಷ್ಟ ಎಂಬುದನ್ನು ಬಯಲುಸೀಮೆಯ ಚಾಲಕರು ಮರೆಯುತ್ತಾರೆ. ಬ್ರೇಕನ್ನೇ ಒತ್ತುತ್ತಾ ಇಳಿದರೆ ಬ್ರೇಕ್ ಕಾದು ಹಿಡಿತ ಕಳೆದುಕೊಳ್ಳುತ್ತದೆ. ಹತ್ತುವಾಗ ಯಾವ ಗೇರು ಬೇಕಿತ್ತೋ ಇಳಿಯುವಾಗಲೂ ಅದೇ ಗೇರಿನಲ್ಲಿ ಇಳಿಯಬೇಕು. ಆಗ ಎಂಜಿನ್ನೇ ವೇಗವನ್ನು ಹಿಡಿದಿಡುತ್ತದೆ. ನ್ಯೂಟ್ರಲ್ಲಿಗೆ ಹಾಕಿ ಉರುಳಿಸುವುದು ಪ್ರಾಣಕ್ಕೆ ಎರವು. ಕಿರಿದಾದ ಜಾಗದಲ್ಲಿ ವಾಹನಗಳು ಎದುರಾದರೆ ಹತ್ತುವವರಿಗೆ ದಾರಿ ಬಿಡಬೇಕು. ಇದು ಘಟ್ಟದ ಮರ್ಯಾದೆಯೂ ಹೌದು, ಮೋಟಾರು ವಾಹನ ಕಾನೂನೂ ಹೌದು. ತಿರುವಿನಲ್ಲಿ ಹಾರ್ನ್ ಹಾಕಿ, ಓವರ್‌ಟೇಕ್ ಮಾಡಬೇಡಿ. ಮಂಜು ಕವಿದರೆ ದೀಪ ಡಿಮ್‌ನಲ್ಲಿರಲಿ; ಹೈಬೀಮಿನ ಬೆಳಕು ಮಂಜಿಗೆ ತಾಗಿ ನಿಮ್ಮ ಕಣ್ಣಿಗೇ ಮರಳುತ್ತದೆ. ವಾಂತಿ ಬರುವವರನ್ನು ಮುಂದಿನ ಸೀಟಿನಲ್ಲಿ ಕೂರಿಸಿ, ಮೊಬೈಲ್ ಒಳಗಿಡಿಸಿ, ದೂರ ನೋಡಲು ಹೇಳಿ. ಕಿವಿಯೊಳಗಿನ ಸಮತೋಲನದ ಅಂಗ ಹೇಳುವುದೂ ಕಣ್ಣು ಹೇಳುವುದೂ ಬೇರೆಯಾದಾಗಲೇ ಹೊಟ್ಟೆ ತೊಳಸುವುದು.

ದಾರಿಯಲ್ಲಿ ಅಣ್ಣಪ್ಪ ಸ್ವಾಮಿಯ ಗುಡಿ. ಲಾರಿಯವರು, ಬಸ್ಸಿನವರು ನಿಂತು ಕಾಣಿಕೆ ಹಾಕಿಯೇ ಮುಂದೆ ಹೋಗುತ್ತಾರೆ. ಮಳೆಗಾಲದಲ್ಲಿ ಬಂಡೆಯುದ್ದಕ್ಕೂ ಝರಿಗಳು. ಅದೇ ಬಂಡೆಗಳ ಮೇಲೆ 2019ರ ಆಗಸ್ಟಿನ ಗಾಯಗಳಿವೆ. ಆ ಮಳೆಗೆ ಗುಡ್ಡ ಹಲವೆಡೆ ಜರಿದು ಘಾಟಿ ಮುಚ್ಚಿತ್ತು. ಕೆಳಗೆ ಮೃತ್ಯುಂಜಯ ಹೊಳೆ ಉಕ್ಕಿ ತೋಟ, ಮನೆಗಳಿಗೆ ನುಗ್ಗಿತ್ತು. ಗುಡ್ಡ ಜರಿಯುವುದಕ್ಕೆ ಮಳೆಯೊಂದೇ ಕಾರಣವಲ್ಲ. ಗಟ್ಟಿ ಬಂಡೆಯ ಮೇಲೆ ದಪ್ಪನೆಯ ಸಡಿಲ ಮಣ್ಣು ಕೂತಿದೆ. ರಸ್ತೆಗಾಗಿ ಅದರ ಪಾದವನ್ನು ಕಡಿದಿದ್ದೇವೆ. ದಿನಗಟ್ಟಲೆ ಸುರಿದ ನೀರು ಬಂಡೆಗೂ ಮಣ್ಣಿಗೂ ನಡುವೆ ಇಳಿದಾಗ ಮಣ್ಣು ಜಾರುತ್ತದೆ. ರಸ್ತೆ ಅಗಲವಾದಷ್ಟೂ ಪಾದ ಇನ್ನಷ್ಟು ಕಡಿಯಬೇಕಾಗುತ್ತದೆ. ಘಾಟಿಯಲ್ಲಿ ನೂರು ಕಿ.ಮೀ. ವೇಗದ ಹೆದ್ದಾರಿ ಬೇಕೆನ್ನುವವರು ಇದನ್ನು ಯೋಚಿಸಲಿ. ಮೃತ್ಯುಂಜಯ ಹೊಳೆಯ ನೀರು ನೇತ್ರಾವತಿಗೆ. ಹೀಗೆ ಹೇಮಾವತಿಯ ಸೀಮೆಯಿಂದ ಮತ್ತೆ ಪಡುವಣದ ನೀರಿಗೆ ಬಂದೆವು.

ಉಜಿರೆ, ಬೆಳ್ತಂಗಡಿ ದಾಟುವಾಗ ಬಲಕ್ಕೆ ಒಂಟಿ ಬಂಡೆಯಾಗಿ ಎದ್ದ ಗಡಾಯಿಕಲ್ಲು ಕಾಣುತ್ತದೆ. 1794ರಲ್ಲಿ ಟಿಪ್ಪು ಸುಲ್ತಾನ್ ಕೋಟೆ ಕಟ್ಟಿಸಿ ಜಮಾಲಾಬಾದ್ ಎಂದು ಹೆಸರಿಟ್ಟದ್ದು ಇದಕ್ಕೇ. ಗುರುವಾಯನಕೆರೆಯಿಂದ ನಾರಾವಿ, ಹೊಸ್ಮಾರು, ಬಜಗೋಳಿ. ಬೆಳಗ್ಗೆ ಹತ್ತಿದ ಬೆಟ್ಟಸಾಲು ಈಗ ಉದ್ದಕ್ಕೂ ಬಲಗಡೆ ಜೊತೆಗಿರುತ್ತದೆ.

ಹೋಗಲು ಒಳ್ಳೆಯ ಕಾಲ ಸೆಪ್ಟೆಂಬರ್ ಕೊನೆಯಿಂದ ಡಿಸೆಂಬರಿನವರೆಗೆ. ಆಗ ಹಳ್ಳಗಳಲ್ಲಿ ನೀರಿರುತ್ತದೆ, ಹುಲ್ಲು ಹಸಿರಿರುತ್ತದೆ, ರಸ್ತೆ ಒಣಗಿರುತ್ತದೆ. ಶನಿವಾರ, ಭಾನುವಾರ ಬಿಟ್ಟು ವಾರದ ನಡುವೆ ರಜೆ ಹಾಕಿದರೆ ಇನ್ನೂ ಒಳ್ಳೆಯದು. ಪೆಟ್ರೋಲನ್ನು ಕಾರ್ಕಳದಲ್ಲೇ ತುಂಬಿಸಿ. ಕಾಡಿನೊಳಗೆ ಫೋನಿಗೆ ಸಿಗ್ನಲ್ ಸಿಗುವುದಿಲ್ಲ, ದಾರಿಯನ್ನು ಮೊದಲೇ ಮನನ ಮಾಡಿಕೊಳ್ಳಿ. ತಿಂಡಿಯ ಪೊಟ್ಟಣ, ನೀರಿನ ಬಾಟಲಿ ಎಲ್ಲವೂ ಕಾರಿನಲ್ಲೇ ವಾಪಸು ಬರಲಿ. ಮಳೆಗಾಲದಲ್ಲಿ ಹೊರಡುವುದಾದರೆ ಚಾರ್ಮಾಡಿ ತೆರೆದಿದೆಯೇ ಎಂದು ಹಿಂದಿನ ದಿನವೇ ವಿಚಾರಿಸಿ. ಮುಚ್ಚಿದ್ದರೆ ಹಟ ಹಿಡಿಯದೆ ಕಳಸದಲ್ಲಿ ಊಟ ಮುಗಿಸಿ ಬಂದ ದಾರಿಯಲ್ಲೇ ಹಿಂದಿರುಗಿ, ಕತ್ತಲಾಗುವ ಮೊದಲು ಕುದುರೆಮುಖದ ಕಾಡು ದಾಟಿ ಮಾಳಕ್ಕೆ ಇಳಿಯಿರಿ.